ಮೂರೆಲೆ ಆಡಿ ಬೆಳೆದವನಿಗೆ ಟೆಕ್ಸಾಸ್ ಹೋಲ್ಡೆಮ್ ಯಾಕೆ ತಲೆಗೆ ಹತ್ತುತ್ತಿಲ್ಲ?

ಹುಣಸೆಬೀಜ

ಎಲ್ಲರಿಗೂ ನಮಸ್ಕಾರ. ಊರು ಹಾಸನದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ದೀಪಾವಳಿ, ಮದುವೆ ಮನೆ, ಜಾತ್ರೆಯ ರಾತ್ರಿ ಅಂತ ಮೂರೆಲೆ ಆಡುತ್ತಾ ಬೆಳೆದವನು ನಾನು. ರಮ್ಮಿಯೂ ಬರುತ್ತದೆ. ಈಗ ನಮ್ಮ ಮನೆಯಲ್ಲಿ ಆರು ಜನ ಸೇರಿ ಶನಿವಾರ ರಾತ್ರಿ ಟೆಕ್ಸಾಸ್ ಹೋಲ್ಡೆಮ್ ಅನ್ನೋ ಪೋಕರ್ ಆಟ ಶುರು ಮಾಡಿದ್ದೇವೆ. ದುಡ್ಡು ಇಲ್ಲ, ಬರೀ ಹುಣಸೆ ಬೀಜ. ತಲೆಗೆ 150 ಬೀಜ. ಮೊದಲು ಬೀಜ ಖಾಲಿ ಮಾಡಿಕೊಂಡವನು ಭಾನುವಾರ ಎಲ್ಲರ ಪಾತ್ರೆ ತೊಳೆಯಬೇಕು. ನಾಲ್ಕು ವಾರದಿಂದ ನಾನೇ ತೊಳೆಯುತ್ತಿದ್ದೇನೆ.

ಮೊನ್ನೆ ಆದದ್ದು ಹೇಳುತ್ತೇನೆ. ತಲೆಗೆ ಎರಡೆಲೆ, ನಡುವೆ ಬಿಚ್ಚುವ ಐದು ಎಲೆ ಎಲ್ಲರಿಗೂ ಸೇರಿದ್ದು. ನನ್ನ ಕೈಯಲ್ಲಿ ಆಟೀನ್ 8, ಕಳಾವರ್ 9. ನಡುವೆ ಮೊದಲು ಬಿಚ್ಚಿದ ಮೂರು ಎಲೆ: ಇಸ್ಪೀಟ್ 10, ಇಸ್ಪೀಟ್ ಗುಲಾಮ, ಡೈಮನ್ 3. ನಾಲ್ಕನೆಯದು ಡೈಮನ್ ರಾಣಿ. ನನಗೆ ಎಂಟರಿಂದ ರಾಣಿವರೆಗೆ ಸೀಕ್ವೆನ್ಸ್ ಕೂತುಬಿಟ್ಟಿತು! ಪಾಟ್‌ನಲ್ಲಿ, ಅಂದರೆ ಎಲ್ಲರೂ ನಡುವೆ ಹಾಕಿದ ರಾಶಿಯಲ್ಲಿ, 50 ಬೀಜ ಇತ್ತು. ಎದುರಿನವನು ಹೆದರಿ ಓಡಬಾರದು ಅಂತ ಮೆತ್ತಗೆ 10 ಬೀಜ ಹಾಕಿದೆ. ಅವನೂ ಹಾಕಿದ. ಐದನೆಯ ಎಲೆ ಇಸ್ಪೀಟ್ 5. ನಾನು ಇದ್ದಬದ್ದ ಬೀಜವನ್ನೆಲ್ಲ ತಳ್ಳಿದೆ. ಅವನು ಇಸ್ಪೀಟ್ ಎಕ್ಕ, ಇಸ್ಪೀಟ್ 6 ಬಿಚ್ಚಿ "ಕಲರ್" ಅಂದ. ನಾನು "ಸೀಕ್ವೆನ್ಸ್ ದೊಡ್ಡದು ಕಣೋ" ಅಂತ ಎರಡೂ ಕೈಯಲ್ಲಿ ಬೀಜ ಬಾಚಿಕೊಂಡೆ. ಆಮೇಲೆ ಎಲ್ಲರೂ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಮೂರೆಲೆಯಲ್ಲಿ ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು ಅಲ್ವಾ? ಇಲ್ಲಿ ಯಾಕೆ ಉಲ್ಟಾ? ಈ ಆಟವನ್ನು ಎಲ್ಲಿಂದ ಕಲಿಯಬೇಕು?

ಮಂಡ್ಯದ_ಹೈದ

ಗುರುವೇ, ಮೊದಲು ಪಾತ್ರೆ ತೊಳೆಯೋದು ಚೆನ್ನಾಗಿ ಕಲಿ. ಅದು ಎಲ್ಲಾ ಆಟದಲ್ಲೂ ಕೆಲಸಕ್ಕೆ ಬರುತ್ತದೆ.

ಕಳಾವರ್_ರಾಣಿ

ನಿಮ್ಮ ತೊಂದರೆ ನನಗೂ ಇತ್ತು. ಏನೂ ಗೊತ್ತಿಲ್ಲದೆ ಬಂದವರು ಹೋಲ್ಡೆಮ್ ಬೇಗ ಕಲಿಯುತ್ತಾರೆ. ಮೂರೆಲೆಯವರು ನಿಧಾನ. ಯಾಕೆ ಅಂದರೆ ಮಾತು ಅದೇ, ಅರ್ಥ ಬೇರೆ.

ಬ್ಲೈಂಡ್ ಅನ್ನೋ ಮಾತೇ ತೆಗೆದುಕೊಳ್ಳಿ. ಮೂರೆಲೆಯಲ್ಲಿ ಬ್ಲೈಂಡ್ ಅಂದರೆ ಎಲೆ ನೋಡದೆ ಆಡೋದು. ನೋಡಿದವನು ಹಾಕುವುದರ ಅರ್ಧ ಹಾಕಿದರೆ ಸಾಕು. ಅದರಲ್ಲೊಂದು ಗತ್ತು ಇರುತ್ತದೆ. ಹೋಲ್ಡೆಮ್‌ನಲ್ಲಿ ಬ್ಲೈಂಡ್ ಅಂದರೆ ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಬೀಜ. ಡೀಲರ್‌ನ ಎಡಗಡೆ ಕೂತವನು ಚಿಕ್ಕದು, ಅವನ ಪಕ್ಕದವನು ದೊಡ್ಡದು. ಎಲ್ಲರೂ ತಮ್ಮ ಎಲೆ ನೋಡಿಕೊಂಡೇ ಆಡುತ್ತಾರೆ. ಬ್ಲೈಂಡ್ ಇಟ್ಟಿದ್ದೇನೆ ಅಂತ ಹಟ ಹಿಡಿದು ಕೂರಬೇಡಿ. ಇಟ್ಟ ಮೇಲೆ ಅದು ನಿಮ್ಮದಲ್ಲ, ಪಾಟ್‌ನದು.

ರಮ್ಮಿಯ ಸೆಟ್ ಬೇರೆ, ಇಲ್ಲಿನ ಸೆಟ್ ಬೇರೆ. ಇಲ್ಲಿ ಕೈಯಲ್ಲಿ ಜೋಡಿ ಇದ್ದು, ಅದೇ ನಂಬರಿನ ಮೂರನೆಯದು ನಡುವೆ ಬಿದ್ದರೆ ಸೆಟ್ ಅನ್ನುತ್ತಾರೆ. ಜೋಕರ್ ಇಲ್ಲವೇ ಇಲ್ಲ. ಪಕ್ಕದವನ ಜೊತೆ ಗುಟ್ಟಾಗಿ ಎಲೆ ಹೋಲಿಸುವ ಸೈಡ್ ಶೋ ಕೇಳುವಂತಿಲ್ಲ. ಎಕ್ಕ-2-3 ಅಂದರೆ ಮೂರೆಲೆಯಲ್ಲಿ ಮರ್ಯಾದೆ ಜಾಸ್ತಿ. ಇಲ್ಲಿ ಎಕ್ಕ-2-3-4-5 ಎಲ್ಲಕ್ಕಿಂತ ಚಿಕ್ಕ ಸ್ಟ್ರೇಟ್, ಅಂದರೆ ಸೀಕ್ವೆನ್ಸ್.

ಇನ್ನೊಂದು, ಚೆಕ್. ಮೂರೆಲೆಯಲ್ಲಿ ನಿಮ್ಮ ಸರದಿ ಬಂದರೆ ಹಾಕಬೇಕು, ಇಲ್ಲ ಪ್ಯಾಕ್ ಆಗಬೇಕು, ಅಂದರೆ ಎಲೆ ಬಿಟ್ಟು ಕೂರಬೇಕು. ಇಲ್ಲಿ ನಿಮಗಿಂತ ಮುಂಚೆ ಯಾರೂ ಹಾಕಿಲ್ಲದಿದ್ದರೆ ಮೇಜು ತಟ್ಟಿ ಪುಕ್ಕಟೆ ಮುಂದೆ ಹೋಗಬಹುದು. ಹೊಸಬರು ಇದನ್ನು ಮರೆತು ಸುಮ್ನೆ ಬೀಜ ಹಾಕುತ್ತಿರುತ್ತಾರೆ. ಪುಕ್ಕಟೆ ನೋಡಬಹುದಾದಾಗ ಪ್ಯಾಕ್ ಆಗುವವರನ್ನೂ ನೋಡಿದ್ದೇನೆ!

ಗಣಿತದ_ಮೇಷ್ಟ್ರು

ಕಲರ್, ಸೀಕ್ವೆನ್ಸ್ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಕಡಿಮೆ ಸಿಗುವುದಕ್ಕೆ ಬೆಲೆ ಜಾಸ್ತಿ, ಅಷ್ಟೇ.

52 ಎಲೆಯಿಂದ ಮೂರು ಎಲೆ ಎತ್ತುವ ಬಗೆಗಳು ಒಟ್ಟು 22,100. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಸೀಕ್ವೆನ್ಸ್ ಅಪರೂಪ, ಅದಕ್ಕೆ ಅದು ಮೇಲೆ. ಐದು ಎಲೆ ಎತ್ತುವ ಬಗೆಗಳು 25,98,960. ಅದರಲ್ಲಿ ಸ್ಟ್ರೇಟ್ 10,200, ಫ್ಲಶ್ (ಅಂದರೆ ಕಲರ್) 5,108. ಈಗ ಫ್ಲಶ್ ಅಪರೂಪವಾಯಿತು. ಒಂದೇ ಜಾತಿಯ ಮೂರು ಎಲೆ ಕೂಡಿಸುವುದು ಸುಲಭ. ಐದು ಕೂಡಿಸುವಷ್ಟರಲ್ಲಿ ಪ್ರತಿ ಸಲವೂ ದಾರಿ ಕಿರಿದಾಗುತ್ತದೆ. ನಿಮ್ಮ ಊರಿನ ನಿಯಮ ತಪ್ಪಲ್ಲ. ಎರಡು ಎಲೆ ಜಾಸ್ತಿಯಾಗಿದ್ದಕ್ಕೆ ಲೆಕ್ಕ ತಿರುಗಿದೆ.

ತಮಾಷೆ ಏನೆಂದರೆ, ಮೂರೆಲೆಯಲ್ಲೇ ಈ ನ್ಯಾಯ ಪೂರ್ತಿ ಪಾಲಿಸಿಲ್ಲ. ಒಂದೇ ನಂಬರಿನ ಮೂರು ಎಲೆ 52 ಬಗೆ, ಪ್ಯೂರ್ ಸೀಕ್ವೆನ್ಸ್, ಅಂದರೆ ಒಂದೇ ಜಾತಿಯ ಸೀಕ್ವೆನ್ಸ್, 48 ಬಗೆ. ಪ್ಯೂರ್ ಸೀಕ್ವೆನ್ಸೇ ಕಡಿಮೆ. ಆದರೂ ಮೂರು ಎಕ್ಕಕ್ಕೆ ಎಲ್ಲರೂ ಕೈ ಮುಗಿಯುತ್ತಾರೆ.

ಹುಣಸೆಬೀಜ

ಮೇಷ್ಟ್ರೇ, ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ, ಇದನ್ನು ಯಾರೂ ಹೇಳಿರಲಿಲ್ಲ. ಸರಿ, ಕಲರ್ ದೊಡ್ಡದು ಅಂತ ಒಪ್ಪಿದೆ. ಆದರೆ ಅವನಿಗೆ ಬರೀ ಅದೃಷ್ಟ ತಾನೇ? ಕೊನೆ ಎಲೆಯಲ್ಲಿ ಇಸ್ಪೀಟ್ ಬಿತ್ತು. ನಾನು ಮಾಡಿದ ತಪ್ಪೇನು?

ಡಲ್ಲಾಸ್_ದೋಸೆ

ತಪ್ಪು ಇದೆ. ಆ 10 ಬೀಜ.

ಅವನ ಜಾಗದಲ್ಲಿ ಕೂತು ನೋಡಿ. ನಾಲ್ಕು ಎಲೆ ಬಿದ್ದಾಗ ಅವನಿಗೆ ಕಾಣುವುದು ತನ್ನ ಎರಡು, ನಡುವಿನ ನಾಲ್ಕು, ಒಟ್ಟು ಆರು. ಉಳಿದದ್ದು 46. ಇಸ್ಪೀಟ್ 13ರಲ್ಲಿ ನಾಲ್ಕು ಕಂಡಿದೆ, ಒಂಬತ್ತು ಬಾಕಿ. 46ಕ್ಕೆ 9 ಅಂದರೆ ನೂರಕ್ಕೆ ಸುಮಾರು 20. ಇದಕ್ಕೆ ಔಟ್ಸ್ ಅನ್ನುತ್ತಾರೆ: ನಿನ್ನನ್ನು ಗೆಲ್ಲಿಸುವ ಎಲೆ ಇನ್ನು ಎಷ್ಟಿವೆ ಅನ್ನೋ ಎಣಿಕೆ.

ಈಗ ಬೆಲೆ ನೋಡಿ. ಪಾಟ್‌ನಲ್ಲಿ 50, ನೀವು ಹಾಕಿದ್ದು 10. ಅವನು 10 ಕೊಟ್ಟರೆ ಪಾಟ್ 70 ಆಗುತ್ತದೆ. 70ಕ್ಕೆ 10 ಅಂದರೆ ನೂರಕ್ಕೆ 14 ಸಲ ಗೆದ್ದರೂ ಅವನಿಗೆ ನಷ್ಟವಿಲ್ಲ. ಅವನು ಗೆಲ್ಲುವುದು 20 ಸಲ. ನೀವು ಅವನಿಗೆ ರಿಯಾಯಿತಿ ದರದಲ್ಲಿ ಟಿಕೆಟ್ ಮಾರಿದ್ದೀರಿ. 40 ಹಾಕಿದ್ದರೆ? ಅವನು 40 ಕೊಟ್ಟು 130ರ ಪಾಟ್‌ಗೆ ಆಡಬೇಕು. ನೂರಕ್ಕೆ 31 ಸಲ ಗೆಲ್ಲಬೇಕು. ಆಗ ಬಂದಿದ್ದರೆ ಅದು ಅವನ ತಪ್ಪು. ಆಗಲೂ ಕೊನೆಗೆ ಇಸ್ಪೀಟೇ ಬೀಳಬಹುದಿತ್ತು, ಪಾತ್ರೆಯೂ ನೀವೇ ತೊಳೆಯಬಹುದಿತ್ತು. ಆದರೆ ಹತ್ತು ಶನಿವಾರದ ಲೆಕ್ಕ ತೆಗೆದರೆ ಬೀಜ ನಿಮ್ಮ ಕಡೆ ಸೇರುತ್ತಿತ್ತು.

ಮೆತ್ತಗೆ ಹಾಕಿ ಒಳಗೆ ಎಳೆಯೋದು ಮೂರೆಲೆಯ ಅಭ್ಯಾಸ. ಅಲ್ಲಿ ಎದುರಿನವನ ಎಲೆ ಬದಲಾಗುವುದಿಲ್ಲ. ಇಲ್ಲಿ ನಡುವೆ ಹೊಸ ಎಲೆ ಬಿದ್ದಂತೆ ಅವನ ಬಲ ಪ್ರತಿ ಸುತ್ತಿಗೂ ಬದಲಾಗುತ್ತದೆ.

ಕಳಾವರ್_ರಾಣಿ

@ಡಲ್ಲಾಸ್_ದೋಸೆ ಲೆಕ್ಕ ಚೆನ್ನಾಗಿದೆ, ಆದರೆ ಒಂದು ಬಿಟ್ಟಿದ್ದೀರಿ. ಅವನ ಕೈಯಲ್ಲಿ ಎಕ್ಕ ಇದೆ, ನಡುವೆ 10, ಗುಲಾಮ, ರಾಣಿ ಇವೆ. ರಾಜ ಬಿದ್ದಿದ್ದರೂ ಅವನಿಗೆ ಹತ್ತರಿಂದ ಎಕ್ಕದವರೆಗಿನ ಸ್ಟ್ರೇಟ್! ಇಸ್ಪೀಟ್ ರಾಜನನ್ನು ಆಗಲೇ ಎಣಿಸಿದ್ದೀರಿ, ಉಳಿದ ಮೂರು ರಾಜರನ್ನು ಸೇರಿಸಿ. ಔಟ್ಸ್ ಒಂಬತ್ತಲ್ಲ, ಹನ್ನೆರಡು. ನೂರಕ್ಕೆ 26.

ಡಲ್ಲಾಸ್_ದೋಸೆ

ಅಯ್ಯೋ, ಹೌದು. ಹನ್ನೆರಡೇ. ಹತ್ತು ವರ್ಷ ಆಡಿದವನ ಕಥೆ ಇದು. 40 ಹಾಕಿದ್ದರೆ ಆಗಲೂ ಅವನಿಗೆ ಬರುವುದು ನಷ್ಟವೇ, 26 ಇದ್ದು 31 ಬೇಕು. ಆದರೆ ಅಂತರ ನಾನು ಹೇಳಿದಷ್ಟು ದೊಡ್ಡದಲ್ಲ.

ಹುಣಸೆಬೀಜ ಅವರೇ, ಇದರಲ್ಲಿ ನಿಮಗೂ ಒಂದು ಪಾಠ ಇದೆ. ನಿಮ್ಮದು ಆ ಸ್ಟ್ರೇಟ್‌ನ ಬಾಲದ ತುದಿ. ರಾಜ-9 ಇದ್ದವನು, ಎಕ್ಕ-ರಾಜ ಇದ್ದವನು ಆಗಲೇ ನಿಮಗಿಂತ ಮುಂದೆ ಇದ್ದ. ಇಸ್ಪೀಟ್ ಮೂರು ಕಂಡ ಮೇಲೂ ಎಲ್ಲಾ ಬೀಜ ತಳ್ಳಿದ್ದು ಎರಡನೆಯ ತಪ್ಪು. ಆ ಹೊತ್ತಿನಲ್ಲಿ ನಿಮಗಿಂತ ಸಣ್ಣ ಎಲೆಯವನು ಹಣ ಕೊಡುವುದಿಲ್ಲ, ದೊಡ್ಡವನು ಬಿಡುವುದಿಲ್ಲ.

ಔಟ್ಸ್‌ಗೆ ಒಂದು ಬಾಯಿಲೆಕ್ಕ ಇದೆ. ಒಂದೇ ಎಲೆ ಬಾಕಿ ಇದ್ದರೆ ಔಟ್ಸ್ ಅನ್ನು ಎರಡರಿಂದ ಗುಣಿಸಿ, ಎರಡು ಬಾಕಿ ಇದ್ದರೆ ನಾಲ್ಕರಿಂದ. ಒಂಬತ್ತು ಔಟ್ಸ್ ಆದರೆ 18, ಇಲ್ಲ 36. ನಿಜವಾದ ಅಂಕಿ 19.6 ಮತ್ತು 35. ಪಾತ್ರೆ ತೊಳೆಯುವ ಪಂದ್ಯಕ್ಕೆ ಇಷ್ಟು ಸಾಕು.

ಮಂಡ್ಯದ_ಹೈದ

ಇದೇನ್ರೀ, ಇಸ್ಪೀಟ್ ಆಡೋಕೆ ಕೂತರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಯ್ತು. ಪೋಕರ್ ಅಂದರೆ ಎದುರಿನವನ ಮುಖ ಓದೋದು. ಕಣ್ಣು ರೆಪ್ಪೆ ಬಡಿದರೆ ರೀಲು ಬಿಡುತ್ತಿದ್ದಾನೆ ಅಂತ ಅರ್ಥ. ಸಿನಿಮಾದಲ್ಲಿ ನೋಡಿಲ್ವಾ?

ಕಳಾವರ್_ರಾಣಿ

2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಮ್ ನಾಲ್ಕು ಜನ ವೃತ್ತಿಪರ ಆಟಗಾರರ ಜೊತೆ 1,20,000 ಆಟ ಆಡಿ ಗೆದ್ದಿತು. ಮಾಡಿದವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು. ಅದು ಯಾರ ರೆಪ್ಪೆಯನ್ನೂ ನೋಡಲಿಲ್ಲ. ಎದುರಿನವರಿಗೂ ನೋಡೋಕೆ ಅದರ ಮುಖ ಇರಲಿಲ್ಲ. ರೀಲು ಮಾತ್ರ ಧಾರಾಳವಾಗಿ ಬಿಟ್ಟಿತು.

ಮುಖ ನೋಡಬೇಡಿ ಅಂತಲ್ಲ. ಆದರೆ ಅವನು ಯಾವಾಗ ಎಷ್ಟು ಹಾಕಿದ, ಯಾವ ಸುತ್ತಿನಲ್ಲಿ ಸುಮ್ಮನಿದ್ದ, ಅದನ್ನು ನೋಡಿ. ಮೊದಲಿಂದ ಮೇಜು ತಟ್ಟುತ್ತಾ ಬಂದವನು ಮೂರನೆಯ ಇಸ್ಪೀಟ್ ಬಿದ್ದ ತಕ್ಷಣ ಎದ್ದು ಕೂತರೆ ಅದಕ್ಕಿಂತ ಮುಖ ಬೇಕಾ?

ತೋಟದ_ಮನೆ

ಎಲ್ಲರ ಮಾತು ಓದಿದೆ. ನಾನೊಂದು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಚಿಕ್ಕಪ್ಪನೂ ಲೆಕ್ಕ ಬಲ್ಲವರೇ. ಪೇಟೆಯ ಒಂದು ಕ್ಲಬ್ಬಿನಲ್ಲಿ ಶುರುವಾದದ್ದು, ಎರಡು ವರ್ಷದ ಅಡಿಕೆ ದುಡ್ಡು ಅಲ್ಲೇ ಕರಗಿತು. ಆಮೇಲೆ ಸೊಸೈಟಿ ಸಾಲ. ಅವರೂ "ಇದು ಬುದ್ಧಿಯ ಆಟ" ಅಂತಲೇ ಹೇಳುತ್ತಿದ್ದರು. ಚಿಕ್ಕಮ್ಮ ಇವತ್ತಿಗೂ ಮನೆಯಲ್ಲಿ ಇಸ್ಪೀಟ್ ಕಟ್ಟು ಕಂಡರೆ ಒಲೆಗೆ ಹಾಕುತ್ತಾರೆ. ಹುಣಸೆ ಬೀಜದಲ್ಲೇ ಇರಿ ಮಾರಾಯರೇ.

ಕಳಾವರ್_ರಾಣಿ

ಬೇಜಾರಿಲ್ಲ. ನೀವು ಹೇಳಿದ್ದು ಸರಿ. ಬುದ್ಧಿಯ ಆಟ ಅನ್ನೋದು ನಿಜವಾದರೂ ಅದು ಮೇಜಿನ ಮೇಲೆ ಎಲ್ಲರಿಗಿಂತ ಜಾಸ್ತಿ ಬುದ್ಧಿ ಇರುವವನಿಗೆ ಮಾತ್ರ. ಜೊತೆಗೆ ಕ್ಲಬ್ಬು, ಕ್ಯಾಸಿನೊಗಳಲ್ಲಿ ಪ್ರತಿ ಪಾಟ್‌ನಿಂದ ಆಟ ನಡೆಸುವವರು ಒಂದು ಪಾಲು ಕತ್ತರಿಸುತ್ತಾರೆ, ರೇಕ್ ಅಂತ. ಸಮಸಮ ಆಡುವ ಆರು ಜನ ಬೆಳಗಿನವರೆಗೆ ಕೂತರೆ ಆರೂ ಜನ ಸೋತಿರಬಹುದು.

ಸುಮ್ನೆ_ಓದುಗ

ಕರ್ನಾಟಕದಲ್ಲಿ ಇದನ್ನು ಆಡಬಹುದಾ? ಪೊಲೀಸರು ಬರಲ್ವಾ?

ಕರಿಕೋಟು

ಚಿಕ್ಕದಾಗಿ ಹೇಳುತ್ತೇನೆ. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರದ ಒಂದು ಕೇಸಿನಲ್ಲಿ, ರಮ್ಮಿ ಮೂರೆಲೆಯ ಹಾಗೆ ಬರೀ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲವೇ ಮುಖ್ಯ ಅಂದಿತು. ಆ ತೀರ್ಪಿನಲ್ಲಿ ಮೂರೆಲೆಯ ಹೆಸರೇ ಬಂದಿದೆ ನೋಡಿ! ಪೋಕರ್ ವಿಷಯದಲ್ಲಿ 2013ರಲ್ಲಿ ನಮ್ಮ ಹೈಕೋರ್ಟ್ ಕ್ಲಬ್ಬುಗಳ ಪರವಾಗಿ ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದಕ್ಕೆ ಉಲ್ಟಾ ಹೇಳಿತು. 2021ರಲ್ಲಿ ನಮ್ಮ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅಷ್ಟಕ್ಕೇ ಮುಗಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸು ಮಾಡಿತು. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ಅದರ ಪ್ರಕಾರ ನಿಷೇಧ. ದೊಡ್ಡ ಪೋಕರ್, ರಮ್ಮಿ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದ್ದು ಆಗಲೇ.

ಹುಣಸೆ ಬೀಜಕ್ಕೆ ಯಾವ ಸೆಕ್ಷನ್ನೂ ಇಲ್ಲ. ಆರಾಮಾಗಿ ಆಡಿ.

ಡಲ್ಲಾಸ್_ದೋಸೆ

ಇಲ್ಲಿ ಟೆಕ್ಸಾಸ್‌ನ ಕಥೆಯೂ ತಮಾಷೆಯದೇ. ಈ ಆಟ ಹುಟ್ಟಿದ್ದು ದಕ್ಷಿಣ ಟೆಕ್ಸಾಸ್‌ನ ರಾಬ್ಸ್‌ಟೌನ್ ಅನ್ನೋ ಸಣ್ಣ ಊರಿನಲ್ಲಿ, ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ, ಅಂತ 2007ರಲ್ಲಿ ಟೆಕ್ಸಾಸ್ ಶಾಸನಸಭೆ ನಿರ್ಣಯ ಮಾಡಿದೆ. ಆದರೆ ಹೆಸರು ಮಾಡಿದ್ದು ನೆವಾಡಾದ ಲಾಸ್ ವೇಗಸ್‌ನಲ್ಲಿ. ಟೆಕ್ಸಾಸ್‌ನಲ್ಲಿ ಇವತ್ತಿಗೂ ಲಾಸ್ ವೇಗಸ್ ಥರದ ಕ್ಯಾಸಿನೊ ಇಲ್ಲ. ಕಾರ್ಡ್ ಕ್ಲಬ್ಬುಗಳು ಪಾಟ್‌ನಿಂದ ಪಾಲು ಕತ್ತರಿಸದೆ ಗಂಟೆ ಲೆಕ್ಕದಲ್ಲಿ ಕುರ್ಚಿಗೆ ಬಾಡಿಗೆ ತೆಗೆದುಕೊಳ್ಳುತ್ತವೆ. ನಾವು ಕನ್ನಡದವರು ಏಳೆಂಟು ಜನ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಚಿತ್ರಾನ್ನ, ಕಾಫಿ, ಹತ್ತು ಡಾಲರ್, ಅಷ್ಟೇ.

2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಟೆನೆಸ್ಸಿಯ ಅಕೌಂಟೆಂಟ್ ಆನ್‌ಲೈನ್‌ನ ಒಂದು ಸಣ್ಣ ಪಂದ್ಯದಿಂದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಅನ್ನೋ ದೊಡ್ಡ ಪಂದ್ಯಕ್ಕೆ ಹೋಗಿ, 839 ಜನರಲ್ಲಿ ಮೊದಲನೆಯವನಾಗಿ 25 ಲಕ್ಷ ಡಾಲರ್ ಗೆದ್ದ. ಅಲ್ಲಿಂದ ಜಗತ್ತೇ ಹೋಲ್ಡೆಮ್ ಹಿಂದೆ ಬಿತ್ತು. ಉಳಿದ 838 ಜನರ ಕಥೆಯನ್ನು ಯಾರೂ ಹೇಳುವುದಿಲ್ಲ, @ತೋಟದ_ಮನೆ.

ಹುಣಸೆಬೀಜ

ಸರಿ, ಈಗ ಈ ಶನಿವಾರಕ್ಕೆ ಏನು ಮಾಡಲಿ? ಒಂದೇ ಒಂದು ಹೇಳಿ.

ಕಳಾವರ್_ರಾಣಿ

ಪ್ಯಾಕ್ ಆಗಿ.

ತಮಾಷೆಯಲ್ಲ. ಕೈಗೆ ಬರುವ ಎರಡೆಲೆ 1,326 ಬಗೆ. ಯಾವ ಜಾತಿ ಅನ್ನೋದು ಬಿಟ್ಟು, ಎರಡೂ ಒಂದೇ ಜಾತಿಯೋ ಅಲ್ಲವೋ ಅಂತ ಮಾತ್ರ ನೋಡಿ ಎಣಿಸಿದರೆ 169. ಅದರಲ್ಲಿ ಆಡಲು ಯೋಗ್ಯವಾದದ್ದು ನೂರಕ್ಕೆ 20-25 ಇರಬಹುದು, ಅದೂ ಆರು ಜನರ ಮೇಜಿನಲ್ಲಿ. ಎರಡು ಎಕ್ಕ ಬರುವುದು 221ಕ್ಕೆ ಒಂದು ಸಲ, ಅದಕ್ಕೆ ಕಾಯಬೇಕಾಗಿಲ್ಲ. ದೊಡ್ಡ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ, ರಾಜ-ರಾಣಿ ಇವು ಸಾಕು. ಎಕ್ಕದ ಜೊತೆ 4 ಇದೆ ಅಂತ ಖುಷಿಪಡಬೇಡಿ. ನಡುವೆ ಎಕ್ಕ ಬಿದ್ದಾಗ ಎಕ್ಕ-ರಾಜ ಇದ್ದವನು ನಿಮ್ಮನ್ನು ಬೋಳಿಸುತ್ತಾನೆ. ಇಬ್ಬರಿಗೂ ಎಕ್ಕದ ಜೋಡಿ, ಅವನ ರಾಜ ನಿಮ್ಮ 4ನ್ನು ಹೊಡೆಯುತ್ತದೆ. ಅದಕ್ಕೆ ಕಿಕ್ಕರ್ ಅಂತ ಹೆಸರು, ಸರಿಯಾಗಿಯೇ ಇಟ್ಟಿದ್ದಾರೆ.

ಎಲ್ಲಿ ಕೂತಿದ್ದೀರಿ ಅನ್ನೋದೂ ಮುಖ್ಯ. ಮೂರು ಎಲೆ ಬಿಚ್ಚಿದ ಮೇಲೆ ಡೀಲರ್ ಜಾಗದವನು ಕೊನೆಗೆ ಮಾತಾಡುತ್ತಾನೆ. ಎಲ್ಲರೂ ಏನು ಮಾಡಿದರು ಅಂತ ನೋಡಿ ತೀರ್ಮಾನ ಮಾಡುವ ಭಾಗ್ಯ ಅವನದು. ಅದೇ ಎರಡೆಲೆ ಅಲ್ಲಿದ್ದಾಗ ಆಡಬಹುದು, ಮೊದಲು ಮಾತಾಡುವ ಜಾಗದಲ್ಲಿದ್ದಾಗ ಬಿಸಾಡಬೇಕು. ಇದು ನನಗೆ ಅರ್ಥವಾಗೋಕೆ ಒಂದು ವರ್ಷ ಬೇಕಾಯಿತು.

ಮೂರೆಲೆಯಲ್ಲಿ ಪ್ಯಾಕ್ ಆದವನನ್ನು ಎಲ್ಲರೂ ಹೇಡಿ ಅಂತ ರೇಗಿಸುತ್ತಾರೆ ಅಲ್ವಾ? ಆ ನಗುವನ್ನು ತಡೆದುಕೊಳ್ಳೋದೇ ಹೋಲ್ಡೆಮ್‌ನ ಮೊದಲ ಪಾಠ.

ಗಣಿತದ_ಮೇಷ್ಟ್ರು

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2015ರಲ್ಲಿ ಪೋಕರ್ ಬಗ್ಗೆ ನಡೆಸಿದ ಪಾಠದ ವಿಡಿಯೊಗಳು ಅವರ ಓಪನ್‌ಕೋರ್ಸ್‌ವೇರ್ ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್‌ನಲ್ಲಿವೆ. ಮೊದಲ ಎರಡು ನೋಡಿ. ಉಳಿದದ್ದನ್ನು ನಿದ್ದೆ ಬರದ ದಿನಕ್ಕೆ ಇಟ್ಟುಕೊಳ್ಳಿ.

ಹುಣಸೆಬೀಜ

ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ರಾತ್ರಿ ಮೊದಲ ಒಂದು ಗಂಟೆ ಬರೀ ಪ್ಯಾಕ್. "ಏನೋ, ಹುಷಾರಿಲ್ವಾ?" ಅಂತ ಕೇಳಿದರು. ಬೇಜಾರಾಗಿ ಎದ್ದು ಹೋಗಿ ಮಂಡಕ್ಕಿ ಕಲಸಿಕೊಂಡು ಬಂದೆ. ವಾಪಸ್ ಕೂತಾಗ ಗೊತ್ತಾಯಿತು, ಆಡದೇ ಇದ್ದಾಗ ಬೇರೆಯವರ ಆಟ ಕಾಣುತ್ತದೆ. ಇಸ್ಪೀಟ್ ಎಕ್ಕದ ಮಹಾಶಯ ಒಳ್ಳೆ ಎಲೆ ಇದ್ದಾಗ ಮಾತ್ರ ದೊಡ್ಡದಾಗಿ ಹಾಕುತ್ತಾನೆ!

ಒಂದು ಸಲ ಮೂವರ ಜಗಳ ಬಂತು. ಒಬ್ಬನ ಹತ್ತಿರ 30 ಬೀಜ ಮಾತ್ರ ಇತ್ತು, ಎಲ್ಲಾ ತಳ್ಳಿದ. ಇನ್ನಿಬ್ಬರು 80, 80 ಹಾಕಿದರು. 30ರವನು ಗೆದ್ದು 190 ಬೀಜ ನಂದೇ ಅಂದ.

ಡಲ್ಲಾಸ್_ದೋಸೆ

ಅಲ್ಲ. ಅವನಿಗೆ ಮೂವರಿಂದ 30, 30, 30, ಒಟ್ಟು 90. ಉಳಿದ 100 ಸೈಡ್ ಪಾಟ್. ಅದು ಆ ಇಬ್ಬರಲ್ಲಿ ಯಾರ ಎಲೆ ದೊಡ್ಡದೋ ಅವರಿಗೆ. ತಾನು ಕಟ್ಟಿದಷ್ಟನ್ನೇ ಒಬ್ಬೊಬ್ಬರಿಂದ ಗೆಲ್ಲಬಹುದು.

ಪಾತ್ರೆ ಯಾರು ತೊಳೆದರು?

ಹುಣಸೆಬೀಜ

ನಾನಲ್ಲ!! 30 ಬೀಜದವನೇ. 190 ತೆಗೆದುಕೊಂಡೂ ಅರ್ಧ ಗಂಟೆಯಲ್ಲಿ ಕಳೆದ.

ಕೊನೆಯ ಪ್ರಶ್ನೆ. ನಡುವೆ ರಾಜ, ರಾಜ, 7, 7, ರಾಣಿ. ನನ್ನ ಕೈಯಲ್ಲಿ ಎರಡು 5, ಎದುರಿನವನ ಕೈಯಲ್ಲಿ 9-8. ನನಗೆ ಮೂರು ಜೋಡಿ, ಅವನಿಗೆ ಎರಡೇ. ನಾನೇ ಗೆದ್ದೆ ತಾನೇ?

ಕಳಾವರ್_ರಾಣಿ

ಇಲ್ಲಪ್ಪ. ಒಟ್ಟು ಏಳು ಎಲೆಯಲ್ಲಿ ಒಳ್ಳೆಯ ಐದೇ ಲೆಕ್ಕ. ಮೂರು ಜೋಡಿ ಅಂತ ಒಂದಿಲ್ಲ. ಇಬ್ಬರದೂ ರಾಜ-ರಾಜ-7-7-ರಾಣಿ. ನಡುವಿನ ಐದೇ ಇಬ್ಬರ ಕೈ. ಅರ್ಧ ಅರ್ಧ ಹಂಚಿಕೊಳ್ಳಿ. ಬೀಜ ಬೆಸ ಸಂಖ್ಯೆಯಲ್ಲಿದ್ದರೆ ಉಳಿದ ಒಂದು, ನಿಮ್ಮಿಬ್ಬರಲ್ಲಿ ಡೀಲರ್‌ನ ಎಡಗಡೆಯಿಂದ ಮೊದಲು ಸಿಗುವವನಿಗೆ.

ಹುಣಸೆಬೀಜ

ಪಾಟ್‌ನಲ್ಲಿ 47 ಇತ್ತು. ಆ ಒಂದು ಬೀಜಕ್ಕೆ ಹತ್ತು ನಿಮಿಷ ಜಗಳ ಆಗಿತ್ತು. ಈಗ ನಿಯಮ ಹೇಳಿ ಕೇಳೋಣ ಅಂದರೆ, ಅವನು ಆಗಲೇ ಅದನ್ನು ಹುರಿದು ತಿಂದಿದ್ದಾನೆ.